ಕುಂಕುಮ ತೋರಿಸಿದ ಗೆರೆ

ಗುಜರಿ ಅಂಗಡಿಯ ಕಾಕಾ ದೇವರ ಫೋಟೊದ ಮುಂದಿದ್ದ ಸಿಲಿಂಡರ್ ಹೆಡ್ಡನ್ನು ಎರಡೂ ಕೈಯಿಂದ ಎತ್ತಿ ತಂದು ನನ್ನೆದುರು ಇಟ್ಟರು. ಅದರ ಮೈತುಂಬ ಅಮಾವಾಸ್ಯೆ ಪೂಜೆಯ ಕುಂಕುಮ.

"ನಮ್ಮ ಅಂಗಡ್ಯಾಗ ಇದರಷ್ಟು ಛಲೋ ಮಾಲ ಇನ್ನೊಂದಿಲ್ರಿ. ಅದಕ್ಕ ಪೂಜಿಗೆ ಇಟ್ಟೇನಿ."

ಎಂಜಿನ್ ಕಾದು ಅದರ ಮುಚ್ಚಳದಂಥ ಹೆಡ್ ಕೆಟ್ಟಾಗಿನಿಂದ ಅಪ್ಪನ ಹಳೇ ಪದ್ಮಿನಿ ಕಾರು ನವನಗರದ ನಮ್ಮ ಮನೆಯೆದುರು ನಿಂತೇ ಇತ್ತು. ಬದಿಯ ಅಚ್ಚಿನ ನಂಬರು ನೋಡಿದೆ, ನಮ್ಮ ಎಂಜಿನ್ನಿಗೆ ಹೊಂದುವುದೇ! ಸ್ಟೀಲ್ ಸ್ಕೇಲು ಅಡ್ಡ ಇಟ್ಟು ನೋಡಿದೆ, ಎಲ್ಲೂ ಬಾಗಿರಲಿಲ್ಲ. ನನ್ನ ಖುಷಿ ಕಂಡು ಕಾಕಾ ಸೀಮೆಎಣ್ಣೆಯ ಅರಿವೆಯಿಂದ ಕುಂಕುಮ ಒರೆಸತೊಡಗಿದರು. ಎಲ್ಲ ಹೋಯಿತು, ಎರಡು ವಾಲ್ವಿನ ನಡುವೆ ಕೂದಲೆಳೆಯಂಥ ಒಂದು ಕೆಂಪು ಗೆರೆ ಮಾತ್ರ ಹೋಗಲಿಲ್ಲ. ಅಲ್ಲಿದ್ದ ಬಿರುಕಿನೊಳಗೆ ಕುಂಕುಮ ಇಳಿದಿತ್ತು.

ಕಾಕಾ ಅದನ್ನೇ ನೋಡುತ್ತ ಕುಳಿತರು. "ಇಷ್ಟು ದಿನ ಕೈ ಮುಗದೇನಿ, ನನಗ ಕಾಣ್ಲಿಲ್ಲ ನೋಡ್ರಿ. ಇದನ್ನ ನಿಮಗ ಕೊಡಂಗಿಲ್ಲ" ಎಂದವರೇ ಅದನ್ನೆತ್ತಿ ಮತ್ತೆ ದೇವರ ಮುಂದೆಯೇ ಇಟ್ಟರು.

ನನಗೆ ಹೆಡ್ ಇನ್ನೂ ಸಿಕ್ಕಿಲ್ಲ. ಹುಡುಕಲು ಹೊರಟಾಗಲೆಲ್ಲ ಈಗ ಜೇಬಿನಲ್ಲಿ ಕುಂಕುಮದ ಪೊಟ್ಟಣ ಇಟ್ಟುಕೊಳ್ಳುತ್ತೇನೆ. ಮಗನಿಗೆ ಕೊನೆಗೂ ಭಕ್ತಿ ಬಂತೆಂದು ಅವ್ವನಿಗೆ ಸಂತೋಷ.