ತಲೆಯಿಂದ ಹೊಟ್ಟೆಯವರೆಗಿನ ಇಂಗ್ಲೀಷು

“ನೀನು ಇಂಗ್ಲೀಷ್ ಓದೋನಲ್ಲೇನಲೇ? ಅವ್ವಂಗೆ ಎಲ್ಲಿ ನೋವು ಐತೆ ಅಂತ ಹೇಳು ಹೋಗು!” ಎಂದು ಸೋದರಮಾವ ನನ್ನನ್ನು ಒಳಕ್ಕೆ ತಳ್ಳಿ ಬಾಗಿಲಾಚೆಯೇ ನಿಂತುಬಿಟ್ಟ.

ದುರ್ಗದ ಆಸ್ಪತ್ರೆಯ ಮಂಚದ ಮೇಲೆ ಅವ್ವ ಮುದುಡಿಕೊಂಡಿದ್ದಳು. ತುರುವನೂರಿನಿಂದ ಗಾಡಿಯಲ್ಲಿ ಬರುವಷ್ಟರಲ್ಲಿ ಹೊಟ್ಟೆನೋವಿಗೆ ಅವಳ ಮಾತೇ ಉಡುಗಿಹೋಗಿತ್ತು. ಹೊಸದಾಗಿ ಬಂದಿದ್ದ ದೊರೆಸಾನಿ ಡಾಕ್ಟರಿಗೆ ಕನ್ನಡ ಬಾರದು. ಅವರು ನನ್ನತ್ತ ತಿರುಗಿ ಏನೋ ಕೇಳಿದರು.

ನಮ್ಮ ಮೇಷ್ಟ್ರು ಇಂಗ್ಲೀಷ್ ವಾಕ್ಯಗಳನ್ನು ಮಗ್ಗಿಯಂತೆ ರಾಗವಾಗಿ ಕಲಿಸಿದ್ದರು. ಎಲ್ಲ ವಾಕ್ಯಕ್ಕೂ ಒಂದೇ ಅಚ್ಚು, ಕೊನೆಯ ಪದ ಮಾತ್ರ ಬೇರೆ. ಮಗ್ಗಿಯ ಹಾಗೆಯೇ ಇದನ್ನೂ ನಡುವಿನಿಂದ ಹೇಳಲು ನನಗೆ ಬರುತ್ತಿರಲಿಲ್ಲ. ಕೈಕಟ್ಟಿ, ಕಣ್ಣು ಮುಚ್ಚಿ ಶುರುಮಾಡಿದೆ: “ದಿಸ್ ಈಸ್ ಮೈ ಹೆಡ್. ದಿಸ್ ಈಸ್ ಮೈ ನೋಸ್...” ಅವ್ವ ನರಳುತ್ತಲೇ ಇದ್ದಳು. ಹೊಟ್ಟೆ ಇನ್ನೂ ಎಷ್ಟು ದೂರವಿದೆಯೋ ಎಂದು ರಾಗವನ್ನು ಬೇಗಬೇಗ ಎಳೆದೆ. ಕುತ್ತಿಗೆ, ಭುಜ, ಎದೆ ದಾಟಿ “ದಿಸ್ ಈಸ್ ಮೈ ಸ್ಟಮಕ್” ಎಂದದ್ದೇ ತಡ, ಅವ್ವ ಚೀರಿದಳು. ಕಣ್ಣು ಬಿಟ್ಟು ನೋಡಿದರೆ, ದೊರೆಸಾನಿ ನನ್ನ ರಾಗದ ಜೊತೆಗೇ ಅವ್ವನ ಮೈಯನ್ನು ತಲೆಯಿಂದ ಒತ್ತುತ್ತಾ ಬಂದಿದ್ದರು. ಅವರ ಕೈ ಅಲ್ಲೇ ನಿಂತಿತು.

ಅವ್ವ ಬದುಕಿದಳು. ಎದ್ದು ಕೂತು ಗಂಜಿ ಕುಡಿದ ದಿನ ಅವಳು ಆಡಿದ ಮಾತು ಇಂದಿಗೂ, ಇಂಗ್ಲೀಷಿನಲ್ಲಿ ಬಾಯಿ ತೆರೆಯುವ ಮೊದಲು, ನನ್ನ ಕಿವಿಯಲ್ಲಿ ಮೊಳಗುತ್ತದೆ: “ಅಲ್ಲಪ್ಪ, ಬೆರಳು ಮಾಡಿ ತೋರ್ಸಿದ್ರೆ ಆಗ್ತಿರ್ಲಿಲ್ವೇನಲೇ?”