ನೀಲಿ ಮುಚ್ಚಳ, ಗೆರೆಯವರೆಗೆ

ಬೆಳಿಗ್ಗೆ ಐದೂವರೆ. ಮೂರನೆಯ ಮಹಡಿಯ ಜ್ವರದ ವಾರ್ಡಿನಲ್ಲಿ ತಳ್ಳುಗಾಡಿಯ ಒಂದು ಚಕ್ರ ಕಿರುಗುಡುತ್ತದೆ. ಆ ಸದ್ದಿಗೆ ನಾಲ್ಕಾರು ಮುಸುಕುಗಳು ಮೇಲೇರುತ್ತವೆ. ‘ಬಂದ್ಲಪ್ಪ ಸೊಳ್ಳೆಯಕ್ಕ’ ಎಂದು ಕಿಟಕಿ ಪಕ್ಕದ ಅಜ್ಜ ಗೊಣಗುತ್ತಾರೆ.

‘ಸೊಳ್ಳೆ ಹೇಳ್ದೆ ಕೇಳ್ದೆ ಕಚ್ಚುತ್ತೆ ಅಜ್ಜ. ನಾನು ಹೇಳಿ ಚುಚ್ತೀನಿ. ಕೈ ಕೊಡಿ.’

ರೋಗಿಗಳ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವುದು ನಲವತ್ತಾರರ ಈ ತಂತ್ರಜ್ಞೆಯ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಮೊದಲ ಬಸ್ಸಿಗೇ ಹೊರಡುತ್ತಾರೆ. ಎಂಟು ಗಂಟೆಯೊಳಗೆ ಮೂವತ್ತೆಂಟು ಕೈ ಮುಗಿಯಬೇಕು. ನಿಂತೂ ನಿಂತೂ ಮಂಡಿ ಸವೆದಿದೆ, ಬೆರಳು ಮಾತ್ರ ಅಲುಗುವುದಿಲ್ಲ.

ಜ್ವರ ತರುವ ವೈರಸ್ ಶ್ವಾಸಕೋಶಕ್ಕೆ ಇಳಿದು ಆಸ್ಪತ್ರೆ ಸೇರಿದ ಕೆಲವರಲ್ಲಿ ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತದೆ. ಕಾಲಿನ ರಕ್ತನಾಳದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಅದನ್ನು ತಡೆಯುವ ಚುಚ್ಚುಮದ್ದು ಹೆಚ್ಚಾದರೆ ರಕ್ತಸ್ರಾವದ ಭಯ. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ವೈದ್ಯರು ತೀರ್ಮಾನಿಸುವಾಗ ಈಕೆ ತರುವ ನೀಲಿ ಮುಚ್ಚಳದ ಟ್ಯೂಬು ಸಾಕ್ಷಿ ಹೇಳುತ್ತದೆ.

ಆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತುಸು ದ್ರವ ಮೊದಲೇ ಇರುತ್ತದೆ. ರಕ್ತ ಟ್ಯೂಬಿನ ಮೇಲೆ ಗುರುತಿಸಿದ ಗೆರೆ ಮುಟ್ಟದಿದ್ದರೆ ದ್ರವದ ಪಾಲು ಹೆಚ್ಚಾಗಿ, ಬೇಗ ಗಟ್ಟಿಯಾಗುವ ರಕ್ತವೂ ಯಂತ್ರಕ್ಕೆ ತೆಳುವಾಗಿ ಕಾಣುತ್ತದೆ. ‘ಹಾಲಿಗೆ ನಾವೇ ನೀರು ಬೆರೆಸಿ ಹಸುನ ಬೈದಂಗೆ’ ಎನ್ನುತ್ತಾರೆ. ಮನೆಯಲ್ಲಿ ಲೋಟಕ್ಕೆ ನೀರು ಬಗ್ಗಿಸಿದರೂ ಅತ್ತೆ ‘ಗೆರೆ ಎಲ್ಲಮ್ಮ?’ ಎಂದು ಕಾಲೆಳೆಯುತ್ತಾರಂತೆ.

ಇಷ್ಟಾಗಿಯೂ ಹೋದ ತಿಂಗಳು ಇವರ ಕೈಯಿಂದಲೇ ತಪ್ಪಾಯಿತು. ಹದಿನಾಲ್ಕನೆಯ ಹಾಸಿಗೆಯ ಬಸ್ ಚಾಲಕನಿಗೆ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮೂರನೆಯ ಸಲ ಉದ್ದನೆಯ ನಳಿಗೆಯಿರುವ ಸಣ್ಣ ಸೂಜಿ ಹಿಡಿದರು. ನಳಿಗೆಯ ಗಾಳಿ ಎಳೆದುಕೊಳ್ಳಲು ಮೊದಲು ಬೇರೊಂದು ಟ್ಯೂಬು ಹಚ್ಚಬೇಕಿತ್ತು, ಮರೆತರು. ಆ ಗಾಳಿ ನೀಲಿ ಟ್ಯೂಬಿಗೇ ಹೋಯಿತು, ರಕ್ತ ಗೆರೆಗಿಂತ ಅರ್ಧ ಬೆರಳು ಕೆಳಗೇ ನಿಂತಿತು. ನೋವುಂಡ ಮುಖ ನೋಡಿ, ಸಾಕೆಂದು ಸೂಜಿ ತೆಗೆದರು. ಬೆಳಗಿನ ಗಡಿಬಿಡಿಯಲ್ಲಿ ಲ್ಯಾಬಿನಲ್ಲೂ ಯಾರೂ ತಡೆಯಲಿಲ್ಲ.

ಒಂಬತ್ತಕ್ಕೆ ವರದಿ ಬಂತು: ರಕ್ತ ತೀರ ತೆಳು. ವೈದ್ಯೆ ಚುಚ್ಚುಮದ್ದು ನಿಲ್ಲಿಸಲಿದ್ದಾರೆಂದು ತಿಳಿದದ್ದೇ ತಡ, ಈಕೆ ಕೆಳಗಿನ ಲ್ಯಾಬಿನಿಂದ ಮೂರು ಮಹಡಿ ಹತ್ತಿ ಬಂದರು.

‘ಮೇಡಂ, ಆ ರಿಪೋರ್ಟ್ ನಂಬಬೇಡಿ. ಟ್ಯೂಬು ತುಂಬಿರ್ಲಿಲ್ಲ. ತಪ್ಪು ನಂದು.’

ಚಾಲಕ ಮತ್ತೆ ಕೈ ಚಾಚಿದ. ‘ನನ್ನ ಬಸ್ಸೂ ಇಷ್ಟು ಪಂಕ್ಚರ್ ಆಗಿಲ್ಲ ಅಕ್ಕ.’

ಈ ಸಲ ರಕ್ತ ಗೆರೆ ಮುಟ್ಟಿತು. ಫಲಿತಾಂಶ ತಿರುಗುಮುರುಗು: ರಕ್ತ ತೆಳುವಾಗಿರಲಿಲ್ಲ, ಹೆಪ್ಪಿನ ಸುಳಿವು ಕೊಡುವ ಅಂಶ ಎಂಟು ಪಟ್ಟು ಏರಿತ್ತು. ಸ್ಕ್ಯಾನಿನಲ್ಲಿ ಎಡಗಾಲ ಮೀನಖಂಡದಲ್ಲಿ ಹೆಪ್ಪು ಕಂಡಿತು. ನಿಲ್ಲಬೇಕಿದ್ದ ಮದ್ದು ಹೆಚ್ಚಾಯಿತು. ಹನ್ನೆರಡನೆಯ ದಿನ ಆತ ನಡೆದೇ ಮನೆಗೆ ಹೋದ.

ಲ್ಯಾಬಿನ ತಪ್ಪುಗಳ ಪುಸ್ತಕದಲ್ಲಿ ಆ ದಿನದ ಸಾಲು ಅವರದೇ ಅಕ್ಷರದಲ್ಲಿದೆ. ಈಗ ಪ್ರತಿ ಸಣ್ಣ ಸೂಜಿಗೂ ಒಂದು ಖಾಲಿ ಟ್ಯೂಬನ್ನು ರಬ್ಬರ್ ಬ್ಯಾಂಡಿನಿಂದ ಮೊದಲೇ ಕಟ್ಟಿಡುತ್ತಾರೆ. ಆಸ್ಪತ್ರೆಯ ಮೂರೂ ವಾರ್ಡುಗಳಲ್ಲಿ ಅದೇ ಪದ್ಧತಿ.

‘ಗೆರೆ ಮುಟ್ತಾ ಅಂತ ರೋಗಿಗಳೇ ನನ್ನ ಕೇಳಬೇಕು. ಅಷ್ಟೇ ಆಸೆ.’

ಈ ಬೆಳಿಗ್ಗೆ ವಾರ್ಡು ಮುಗಿಸಿ ಲ್ಯಾಬಿಗೆ ಇಳಿದರೆ, ಮರುಪರೀಕ್ಷೆಗೆ ಬಂದವರ ಸಾಲಿನಲ್ಲಿ ಆ ಚಾಲಕನೂ ಇದ್ದಾನೆ. ಸೂಜಿ ಹೊರಬಂದ ಮೇಲೂ ಕುರ್ಚಿಯಿಂದ ಏಳದೆ ಕತ್ತು ಚಾಚುತ್ತಾನೆ.

‘ಅಕ್ಕ, ಗೆರೆ ಮುಟ್ತಾ?’

ಆಕೆ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ.

‘ಮುಟ್ತು ಅಣ್ಣ. ಗಾಡಿ ತೆಗೀರಿ, ಹಿಂದೆ ಜನ ಇದಾರೆ.’