ಸ್ಪಾನ್ಸರ್ ಕೈಗೆ ಕಟ್ಟಿದ ಪಲ್ಸ್ ವಾಚ್

ಆ ಫೈನಲ್‌ಗೆ ನಾನು ತೆತ್ತ ಬೆಲೆ ನಮ್ಮ ತಂಡಕ್ಕಿದ್ದ ಒಬ್ಬನೇ ಸ್ಪಾನ್ಸರ್. ಆಟಗಾರ್ತಿಯೊಬ್ಬಳನ್ನು ಹೊರಗೆ ಕೂರಿಸಲು ಒಪ್ಪಲಿಲ್ಲ, ಅಷ್ಟೇ ಕಾರಣ. ಇವತ್ತಿಗೂ ಅದು ದುಬಾರಿ ಎನ್ನಿಸಿಲ್ಲ.

ಮೂರ್ನಾಲ್ಕು ವರ್ಷದ ಹಿಂದಿನ ಮಾತು. ಶ್ರೀರಾಂಪುರದಲ್ಲಿ ಮೊಬೈಲ್ ರಿಪೇರಿ ಕಲಿತ ನಾನು ಆಗ ಚಿತ್ರದುರ್ಗದಲ್ಲಿ ಗೇಮಿಂಗ್ ಸೆಂಟರ್ ನಡೆಸುತ್ತಿದ್ದೆ. ಶೂಟಿಂಗ್ ಗೇಮ್ ಆಡುವ ಐವರ ತಂಡಕ್ಕೆ ಮ್ಯಾನೇಜರ್ ಕೂಡ ನಾನೇ. ಕ್ಯಾಪ್ಟನ್ ನಾಗವೇಣಿ ಚಿಕ್ಕಜಾಜೂರಿನವಳು, ಎಂ.ಕಾಂ. ಓದುತ್ತಿದ್ದಳು. ಸ್ಪಾನ್ಸರ್ ರುದ್ರಪ್ಪನವರು ಹಿರಿಯೂರಿನಲ್ಲಿ ಎನರ್ಜಿ ಡ್ರಿಂಕ್ ವಿತರಕರು.

ಟೂರ್ನಮೆಂಟ್ ದುರ್ಗದಲ್ಲೇ. ಆಟಗಾರರ ಕೈಗೆ ಪಲ್ಸ್ ವಾಚ್ ಕಟ್ಟಿ, ಅವರ ಎದೆಬಡಿತವನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಸೆಮಿಫೈನಲ್ ಹೇಗೋ ಗೆದ್ದೆವು. ಆದರೆ ನಾಗವೇಣಿಯ ಅಂಕಿ ನೂರೈವತ್ತು ದಾಟಿತ್ತು. ಬೆರಳು ನಡುಗಿ ಸುಲಭದ ಗುರಿಗಳೂ ತಪ್ಪಿದ್ದವು.

ರುದ್ರಪ್ಪನವರು ಸ್ಟೇಜ್ ಹಿಂದಕ್ಕೇ ಬಂದರು. "ಹುಡುಗಿ ಹೆದರ್ಕಂಡೈತೆ ಕಣಮ್ಮ. ಸಂಜೆ ಫೈನಲ್‌ಗೆ ಬ್ಯಾರೆಯವರನ್ನ ಕೂರ್ಸು. ಇಲ್ಲಾಂದ್ರೆ ತಂಡದಿಂದ ನನ್ನ ಹೆಸ್ರು ತೆಗಿ."

ನಾನು ನಾಗವೇಣಿಯತ್ತ ತಿರುಗಿದೆ. "ಬೆಳಿಗ್ಗೆ ಏನ್ ತಿಂದೆಲೇ?"

"ಸೋಮವಾರ ಒಪ್ಪತ್ತು ಅಕ್ಕ, ರಾತ್ರಿ ಒಂದೇ ಊಟ. ಇವರ ಡ್ರಿಂಕೇ ಎರಡು ಕ್ಯಾನ್ ಕುಡ್ದೆ. ಕುಡಿಯಾದು ತಾನೆ, ಒಪ್ಪತ್ತು ಮುರಿಯಲ್ಲ."

ವಿಷಯ ಅಲ್ಲೇ ಅರ್ಥವಾಯಿತು. ಪೈಪೋಟಿಯ ಆಟದಲ್ಲಿ ಕೂತಿರುವುದು ಕುರ್ಚಿಯಲ್ಲಾದರೂ ಮೈ ಜಗಳಕ್ಕೆ ನಿಂತಂತೆಯೇ ಸಜ್ಜಾಗುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನು ಹರಿದು ಎದೆಬಡಿತ ಏರುತ್ತದೆ. ಅದು ಹೇಡಿತನವಲ್ಲ, ತಯಾರಿ. ಅದರ ಮೇಲೆ ಖಾಲಿ ಹೊಟ್ಟೆಗೆ ಆ ಡ್ರಿಂಕಿನ ಕೆಫೀನ್ ಸುರಿದರೆ ಕೈ ನಡುಗದೆ ಇರುತ್ತದೆಯೇ?

ಇದನ್ನೇ ಹೇಳಿದರೆ ರುದ್ರಪ್ಪ ನಂಬಲಿಲ್ಲ. "ಕುಂತ್ಕಳ್ರಿ ಸಾವ್ಕಾರ್ರೆ" ಎಂದು ನಾಗವೇಣಿಯ ವಾಚನ್ನು ಅವರ ಕೈಗೇ ಕಟ್ಟಿದೆ. "ಈಗ ವ್ಯವಹಾರ ಮಾತಾಡಾಣ. ನಿಮ್ಮ ಹೆಸ್ರು ತೆಗಿತೀನಿ. ಅದೇ ಜಾಗಕ್ಕೆ ನಿಮ್ಮ ಎದುರಂಗಡಿಯವರ ಹೆಸ್ರು ಹಾಕ್ತೀನಿ."

ಎಂಬತ್ತರಲ್ಲಿದ್ದ ಅಂಕಿ ನೂರ ಹತ್ತಕ್ಕೆ ಹಾರಿತು.

"ಕುಂತಲ್ಲೇ ಕುಂತೀರಿ. ಹೆದರಿದ್ರಾ?"

"ನಾನ್ಯಾಕೆ ಹೆದರ್ಲಿ? ಸಿಟ್ಟು ಬಂದೈತೆ!"

"ಅವಳದ್ದೂ ಹಂಗೇ, ಹೆದ್ರಿಕೆ ಅಲ್ಲ, ಗೆಲ್ಲೋ ಹಟ ಅಷ್ಟೇ. ಅವಳೇ ಆಡ್ತಾಳೆ."

ನಾಗವೇಣಿ ನಕ್ಕುಬಿಟ್ಟಳು. ರುದ್ರಪ್ಪ ವಾಚ್ ಬಿಚ್ಚಿಟ್ಟು, ತಮ್ಮ ಬ್ಯಾನರ್ ಸುತ್ತಿಸಿಕೊಂಡು ಹೊರಟೇಹೋದರು.

ನಾಗವೇಣಿಯ ಜೊತೆ ಇನ್ನೊಂದು ಚೌಕಾಸಿ ಬಾಕಿಯಿತ್ತು. "ಒಪ್ಪತ್ತು ಅಂದ್ರೆ ಒಂದೂಟ ತಾನೆ? ಅದನ್ನ ಈಗ್ಲೇ ಉಣ್ಣು, ರಾತ್ರಿ ಬಿಡು" ಎಂದೆ. ಸ್ವಲ್ಪ ಯೋಚಿಸಿ ಒಪ್ಪಿದಳು. ಮುದ್ದೆ, ಸೊಪ್ಪಿನ ಸಾರು ಉಂಡು, ಅರ್ಧ ಗಂಟೆ ಅಡ್ಡಾಡಿದಳು. ಫೈನಲ್‌ನಲ್ಲಿ ಅಂಕಿ ಮತ್ತೆ ನೂರ ಮೂವತ್ತು ದಾಟಿತು, ದಾಟಲಿ. ಬೆರಳು ನಡುಗಲಿಲ್ಲ. ಕೊನೆಯ ಸುತ್ತಿನಲ್ಲಿ ಒಬ್ಬಳೇ ಉಳಿದು, ಎದುರಿನ ಇಬ್ಬರನ್ನೂ ಹೊಡೆದು ಕಪ್ ತಂದಳು.

ನಿಮ್ಮ ಮನೆಯಲ್ಲೂ ಹೀಗೆ ಆಡುವವರಿದ್ದರೆ ಕೇಳಿ. ಆಟಕ್ಕೆ ಮೊದಲು ಊಟ ಮಾಡಿಸಿ, ಕ್ಯಾನ್ ದೂರವಿಡಿ. ಆಟ ಮುಗಿದ ಕೂಡಲೇ ಮಲಗಿಸಬೇಡಿ, ಒಂದಿಷ್ಟು ನಡೆಸಿ. ಏರಿದ್ದು ಇಳಿಯಲು ಹೊತ್ತು ಬೇಕು. ಸುಮ್ಮನೆ ಕೂತಾಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ, ಸ್ಪಾನ್ಸರನ್ನಲ್ಲ.